ನನ್ನ ಸವತಿ ಜಪಾನಿನ ಚಕ್ರವರ್ತಿ

ಸವತಿ ಎಂದರೆ ಹೆಂಗಸೇ ಆಗಿರಬೇಕೆಂದು ಯಾರು ಹೇಳಿದರು? ನನ್ನ ಸವತಿ ಜಪಾನಿನ ಮೈಜಿ ಚಕ್ರವರ್ತಿ. ಸತ್ತು ನೂರು ವರ್ಷದ ಮೇಲಾಯಿತು. ಜುಟ್ಟು ಹಿಡಿದು ಜಗಳವಾಡೋಣವೆಂದರೆ ಅದನ್ನೂ ಆತ ಬದುಕಿದ್ದಾಗಲೇ ಕತ್ತರಿಸಿಕೊಂಡಿದ್ದಾನೆ!

ನಮ್ಮವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಲೇತ್ ಆಪರೇಟರ್. ಹೋದ ವರ್ಷ ದಸರೆ ಮುಗಿದ ಮೇಲೆ ಅಲ್ಲಿಗೆ ಹೊಸ ಯಂತ್ರಗಳನ್ನು ಕೂರಿಸಲು ಜಪಾನಿನ ಹಿರಿಯ ಎಂಜಿನಿಯರೊಬ್ಬರು ಬಂದರು. ಊಟದ ಬಿಡುವಿನಲ್ಲಿ ಈ ಚಕ್ರವರ್ತಿಯ ಕಥೆ ಹೇಳಿ, ಕೆಲಸ ಮುಗಿಸಿ ಹೊರಟುಹೋದರು. ಅದನ್ನು ಇವರ ಬಾಯಲ್ಲಿ ದಿನಾ ಕೇಳುವ ಕರ್ಮ ಮಾತ್ರ ನನ್ನ ಪಾಲಿಗೆ ಬಂತು.

ಉಪ್ಪಿಟ್ಟು ಬಡಿಸಿದರೆ ಜಪಾನಿಗೆ ಮೊದಲ ರೈಲು ಬಂದ ಕಥೆ. ಹೊಸ ಸೀರೆ ಉಟ್ಟು ಎದುರು ನಿಂತರೆ ಚಕ್ರವರ್ತಿ ನಿಲುವಂಗಿ ಬಿಟ್ಟು ಕೋಟು ತೊಟ್ಟ ಕಥೆ. ಸೀರೆ ಹೇಗಿದೆ ಎಂದು ಒಂದು ಮಾತು ಬೇಡವೇ? ನನ್ನ ಹುಟ್ಟುಹಬ್ಬ ಮರೆತ ಮಹಾನುಭಾವರು ನವೆಂಬರ್ ಮೂರಕ್ಕೆ ಬೆಳಿಗ್ಗೆಯೇ ಎದ್ದು, ಇವತ್ತು ಚಕ್ರವರ್ತಿ ಹುಟ್ಟಿದ ದಿನ ಎಂದು ಪಾಯಸ ಮಾಡಿಸಿದರು!

ಒಂದು ದಿನ ಮೀಸೆ ಬೋಳಿಸಿಕೊಂಡು ಬಂದರು. ಬದಲಾವಣೆ ನಮ್ಮಿಂದಲೇ ಶುರುವಾಗಬೇಕಂತೆ, ಚಕ್ರವರ್ತಿಯ ಹಾಗೆ. ನಾನು ಮೆಚ್ಚಿ ಮದುವೆಯಾದದ್ದೇ ಆ ಮೀಸೆಯನ್ನು! ಹೊಟ್ಟೆ ಉರಿದುಹೋಯಿತು. ಆತನಿಗೆ ಗಡ್ಡ ಮೀಸೆ ಎರಡೂ ಇದ್ದ ಫೋಟೊವನ್ನು ಫೋನಿನಲ್ಲಿ ಹುಡುಕಿ ತೋರಿಸಿದೆ. ವಾರವಿಡೀ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡೇ ಬಸ್ಸು ಹತ್ತಿದರು.

ಈ ವರ್ಷವೂ ಆಯುಧಪೂಜೆಗೆ ಮನೆಯವರನ್ನೆಲ್ಲ ಕಾರ್ಖಾನೆಗೆ ಕರೆದಿದ್ದರು. ನಾನೋ ಅವನೋ, ಇವತ್ತು ಎಲ್ಲರ ಎದುರಲ್ಲೇ ಕೇಳಿಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಹೋದೆ. ಪ್ರತಿ ವರ್ಷ ಅವರು ಕುಂಕುಮ ಇಡುತ್ತಿದ್ದ ಹಳೆಯ ಲೇತ್ ಅಲ್ಲಿರಲಿಲ್ಲ. ಆ ಜಾಗದಲ್ಲಿ ಬೀರುವಿಗಿಂತ ದೊಡ್ಡದಾದ ಹೊಸ ಯಂತ್ರ, ಅದಕ್ಕೊಂದು ಪರದೆ, ಸಾಲು ಸಾಲು ಗುಂಡಿಗಳು. ಕುಂಕುಮದ ಬಟ್ಟಲು ಹಿಡಿದು ಅದರ ಮುಂದೆ ನಮ್ಮವರು ಸುಮ್ಮನೆ ನಿಂತಿದ್ದರು.

"ಇದು ನಂಗೆ ಇನ್ನೂ ಬರಲ್ಲ ಕಣೇ," ಎಂದರು ಮೆಲ್ಲಗೆ. "ದಿನಾ ಭಯ ಆಗುತ್ತೆ. ಹದಿನಾಲ್ಕು ವರ್ಷದ ಹುಡುಗ ಸಿಂಹಾಸನ ಹತ್ತಿ ಎಲ್ಲಾ ಹೊಸದಾಗಿ ಕಲ್ತನಲ್ಲ, ನನ್ ಕೈಲೂ ಆಗುತ್ತೆ ಅಂತ ಧೈರ್ಯ ತಂದ್ಕೊಳ್ಳೋಕೆ ನಿನ್ ಹತ್ರ ಹೇಳ್ತಿದ್ದೆ."

ಅವರ ಕೈ ಹಿಡಿದು ಯಂತ್ರಕ್ಕೆ ಕುಂಕುಮ ಇಡಿಸಿದೆ.

ಹೊಟ್ಟೆಕಿಚ್ಚು ಪೂರ್ತಿ ಹೋಯಿತೆನ್ನಲಾರೆ. ಭಯವಾಗಿದೆ ಎಂದು ನನಗೆ ನೇರವಾಗಿ ಹೇಳಬಹುದಿತ್ತು, ನಡುವೆ ಅವನೇಕೆ? ಆದರೂ ಮರುದಿನ ಉಪ್ಪಿಟ್ಟು ಬಡಿಸಿ, ಪಕ್ಕದಲ್ಲೇ ಕೂತು ನಾನಾಗಿಯೇ ಕೇಳಿದೆ.

"ರೈಲು ಬಂತಲ್ಲ, ಆಮೇಲೆ ಆ ಹುಡುಗ ಏನ್ ಕಲ್ತ? ಹೇಳಿ."