ಮಾವನವರ ಮೂರನೆಯ ಪ್ರಶ್ನೆ

ನನ್ನ ಹೆಂಡತಿಯ ಅಪ್ಪ, ಅಂದರೆ ನನ್ನ ಮಾವನವರು, ದೇವರನ್ನು ಪೂರ್ತಿ ನಂಬುತ್ತಾರೆ. ಪೂಜಾರಿಯನ್ನು ನಂಬುವುದಿಲ್ಲ! ಒಡೆದ ತೆಂಗಿನಕಾಯಿ ತಟ್ಟೆಯಲ್ಲಿ ವಾಪಸು ಬಂದರೆ ಎರಡು ಹೋಳನ್ನೂ ಜೋಡಿಸಿ, ಅಂಚು ಕೂಡುತ್ತದೆಯೇ ಎಂದು ನೋಡಿಯೇ ಚೀಲಕ್ಕೆ ಹಾಕುತ್ತಾರೆ. ವಿಜಯನಗರದ ಅವರ ಮನೆಗೆ ಅಳಿಯನಾಗಿ ಹೋದಾಗ ನನ್ನನ್ನೂ ಹೀಗೆಯೇ ತಿರುಗಿಸಿ ತಿರುಗಿಸಿ ನೋಡಿದ್ದರು. ಇನ್ನೂ ಚೀಲಕ್ಕೆ ಹಾಕಿಕೊಂಡಿಲ್ಲ.

ಇಂಥವರು ಕಳೆದುಹೋದ ಆಲ್ಬಂ ಹುಡುಕಲು ಹೊರಟರೆ ಹೇಗಿರಬೇಡ! ಈಗ ನಗರದೊಳಗೆ ಸೇರಿಹೋಗಿರುವ ಅವರ ಹುಟ್ಟೂರು ಉಲ್ಲಾಳ ಇನ್ನೂ ಹಳ್ಳಿಯಾಗಿದ್ದಾಗ ಅವರ ತಂದೆ ಪೆಟ್ಟಿಗೆ ಕ್ಯಾಮೆರಾದಲ್ಲಿ ಕೆರೆ, ಕಣ, ಗುಂಡುತೋಪು, ಊರ ಜನ ಎಲ್ಲವನ್ನೂ ಹಿಡಿದಿಟ್ಟಿದ್ದರಂತೆ. ಮಾವನವರು ಇನ್ನೂ ಪುಟ್ಟ ಹುಡುಗನಾಗಿದ್ದಾಗಲೇ ಊರಿನ ಇತಿಹಾಸ ಬರೆಯುತ್ತೇನೆಂದು ಯಾರೋ ಆಲ್ಬಂ ಒಯ್ದರು. ಇತಿಹಾಸವೂ ಬರಲಿಲ್ಲ, ಆಲ್ಬಮ್ಮೂ ಬರಲಿಲ್ಲ. ಮಾವನವರ ಸಂಶಯರೋಗ ಅಲ್ಲಿಂದಲೇ ಶುರುವಾಯಿತೆಂಬುದು ನನ್ನ ಸಂಶಯ.

"ಅಪ್ಪ ಅಂಬೆಗಾಲಿಡುವಾಗ್ಲೇ ಅಜ್ಜಿ ತೀರ್ಕೊಂಡ್ರು ಕಣ್ರೀ. ಅವರ ಫೋಟೋ ಅಂತ ಇದ್ದಿದ್ದು ಅದರಲ್ಲೊಂದೇ" ಎಂದಳು ಹೆಂಡತಿ. ಇನ್ನೇನು ಮಾಡಲಿ, ಸ್ಕೂಟರ್ ತೆಗೆದೆ.

ಮೊದಲು ಹಳೆಯ ದಾಖಲೆಗಳ ಪತ್ರಾಗಾರ. ಚೀಲ ಬಾಗಿಲಲ್ಲೇ ಇಡಬೇಕು ಎಂದರು. ಮಾವನವರು ಚೀಲ ಇಟ್ಟು, ಪಕ್ಕದಲ್ಲಿ ನನ್ನನ್ನು ಕಾವಲಿಗಿಟ್ಟರು. ಒಳಗಿನ ಮಾತು ಬಾಗಿಲವರೆಗೂ ಕೇಳುತ್ತಿತ್ತು.

"ಆಲ್ಬಮ್ಮಲ್ಲಿ ಏನೇನಿದೆ ಸಾರ್?" ಅಧಿಕಾರಿ ಕೇಳಿದರು.

"ಅದು ನಿಮಗ್ಯಾಕೆ?"

"ಹೇಳದಿದ್ರೆ ಹುಡುಕೋದು ಹೇಗೆ?"

"ನಿಮ್ಮ ಹತ್ರ ಇರೋದೆಲ್ಲಾ ತೋರ್ಸಿ. ನಮ್ಮದು ಬಂದಾಗ ನಾನೇ ನಿಲ್ಸು ಅಂತೀನಿ!"

ಹತ್ತೇ ನಿಮಿಷದಲ್ಲಿ ನಾವು ಬೀದಿಯಲ್ಲಿದ್ದೆವು. ಚೀಲ ಬಿಚ್ಚಿ ನೋಡಿದರು. ನೀರಿನ ಬಾಟಲಿ ಇತ್ತು. ನೀರು ಸ್ವಲ್ಪ ಕಡಿಮೆಯಾಗಿದೆ ಎಂದು ನನ್ನನ್ನೇ ನೋಡಿದರು.

ಆಮೇಲೆ ಸಾರ್ವಜನಿಕರ ನೆರವು. ವಾಟ್ಸಾಪಿಗೆ ಹಾಕಲು ಅವರೇ ಹೇಳಿ ಬರೆಸಿದರು: "ಒಂದು ಆಲ್ಬಂ ಕಳೆದಿದೆ. ಯಾರದು, ಯಾವ ಊರಿನದು ಎಂದು ತಿಳಿಸಲಾಗುವುದಿಲ್ಲ. ಸಿಕ್ಕವರೇ ತಿಳಿಸತಕ್ಕದ್ದು."

"ಇದನ್ನ ನೋಡಿ ಯಾರು ಬರ್ತಾರೆ ಮಾವ?"

"ನಿಜವಾದೋನು ಬರ್ತಾನೆ ಅಳಿಯಂದ್ರೇ. ಕಳ್ಳ ಬರಲ್ಲ."

ಇಬ್ಬರೂ ಬರಲಿಲ್ಲ! ಬಂದದ್ದು ರಾಜಾಜಿನಗರದ ಒಂದು ಮದುವೆ ಆಲ್ಬಂ, ಹೊಸಹಳ್ಳಿಯ ಒಂದು ನಾಮಕರಣ. ತಂದವರಿಗೆಲ್ಲ ಮಾವನವರು ಮೂರು ಪ್ರಶ್ನೆ ಹಾಕುತ್ತಿದ್ದರು. ಮೊದಲ ಪುಟದಲ್ಲಿ ಏನಿದೆ? ಆಲದ ಮರದ ಕೆಳಗೆ ಏನು ನಡೀತಿದೆ? ಕೆರೆ ಏರಿ ಮೇಲೆ ನಿಂತ ಹೆಂಗಸು ಹೇಗಿದ್ದಾಳೆ? ಪಾಪ, ಮದುಮಗಳ ತಂದೆ ಕೆರೆ ಏರಿಯನ್ನು ಎಲ್ಲಿಂದ ತರಬೇಕು?

ಬೇಸತ್ತು ನಾನೇ ಕದ್ದುಮುಚ್ಚಿ ಆ ಪ್ರಕಟಣೆಗೆ "ಉಲ್ಲಾಳ" ಎಂದು ಸೇರಿಸಿ ಕಳಿಸಿದೆ. ಮರುದಿನವೇ ಉಲ್ಲಾಳದಿಂದ ಫೋನು! "ಊರ ಹೆಸರು ಯಾರು ಬಾಯಿಬಿಟ್ಟಿದ್ದು?" ಎಂದು ಮಾವನವರು ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ನನ್ನ ಬೆನ್ನನ್ನು ವಿಚಾರಿಸಿದರು.

ಬಾಡಿಗೆ ಮನೆಗಳ ಕಟ್ಟಡವೊಂದರ ಮುಂದೆ, ಒಂದು ಕಾಲದಲ್ಲಿ ತಮ್ಮ ರಾಗಿ ಕಣವಿದ್ದ ಜಾಗದಲ್ಲೇ, ಫೋನು ಮಾಡಿದ್ದ ವಯಸ್ಸಾದ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಆಲ್ಬಂ ನನ್ನತ್ರ ಇಲ್ಲಪ್ಪ. ಚಿಕ್ಕೋಳಿದ್ದಾಗ ನಿಮ್ಮ ಮನೇಲಿ ನೋಡಿದ್ದೆ" ಎಂದರು.

ಮಾವನವರ ಹುಬ್ಬು ಮೇಲೇರಿತು. "ಮೊದಲ ಪುಟದಲ್ಲಿ ಏನಿತ್ತು?"

"ನಿಮ್ಮ ಎತ್ತು. ನಿಮ್ಮಪ್ಪಂಗೆ ಜನಕ್ಕಿಂತ ಎತ್ತಿನ ಮೇಲೇ ಆಸೆ."

"ಆಲದ ಮರದ ಕೆಳಗೆ?"

"ಪಗಡೆ ಆಡ್ತಿದ್ರು. ಮೋಸ ಮಾಡ್ತಿದ್ದೋನು ನಮ್ಮಪ್ಪ!"

ಮೂರನೆಯದನ್ನು ಕೇಳುವಾಗ ಮಾವನವರ ದನಿ ಇಳಿಯಿತು.

"ನಿಮ್ಮವ್ವನಾ? ಕಂಕುಳಲ್ಲಿ ಕೊಡ. ನಗಬ್ಯಾಡ ಅಂತ ನಿಮ್ಮಪ್ಪ ಗದರಿದ್ರೂ ನಕ್ಕುಬಿಟ್ಟಿದ್ಲು. ಬಲಗೆನ್ನೇಲಿ ಗುಳಿ. ನಿಂಗೂ ಬೀಳ್ತದೇನೋ, ಎಲ್ಲಿ, ನಗು ನೋಡಣ!"

ಮಾವನವರು ನಗಲಿಲ್ಲ. ಬಗ್ಗಿ ಅಜ್ಜಿಯ ಕಾಲು ಮುಟ್ಟಿದರು.

ಸ್ಕೂಟರಿನ ಹತ್ತಿರ ಕೇಳಿದೆ, "ಮೂರನೇದೂ ಸರಿಯಾ ಮಾವ?"

"ನಂಗೇನ್ ಗೊತ್ತು? ಗೊತ್ತಿದ್ರೆ ಅಷ್ಟು ಜನರನ್ನ ಯಾಕೆ ಕೇಳ್ತಿದ್ದೆ?"

ಸ್ಕೂಟರಿನ ಕೀಲಿ ಹುಡುಕುತ್ತಾ ಏನೋ ಒಂದು ಅಂದೆ: "ಅಜ್ಜಿ ಸುಮ್ನೆ ಹೇಳಿರಬಹುದು..."

"ಎಲ್ರನ್ನೂ ಹಂಗೆ ಅನುಮಾನ ಪಡಬಾರದು ಅಳಿಯಂದ್ರೇ!" ಎಂದು ರೇಗಿದರು.

ಸ್ವಲ್ಪ ದೂರ ಬಂದಮೇಲೆ ಸ್ಕೂಟರಿನ ಕನ್ನಡಿ ನೋಡಿದೆ. ಹಿಂದೆ ಕೂತ ಮಾವನವರು ಅದರಲ್ಲಿ ಬಲಗೆನ್ನೆ ತಿರುಗಿಸಿಕೊಂಡು, ಮೆಲ್ಲಗೆ ನಗಲು ನೋಡುತ್ತಿದ್ದರು. ಹಿಂದಿನ ಬಸ್ಸು ಕಾಣದಿದ್ದರೆ ಕಾಣದಿರಲಿ ಎಂದು ಕನ್ನಡಿಯನ್ನು ಪೂರ್ತಿ ಅವರ ಕಡೆಗೇ ತಿರುಗಿಸಿಬಿಟ್ಟೆ.