ಪಾಟಿಯ ಮೇಲಿನ ಮೊದಲ ಹೆಸರು

‘ವೆಲ್ ಬಿಗನ್ ಈಸ್ ಹಾಫ್ ಡನ್’ ಎಂದ ಪುಣ್ಯಾತ್ಮನಿಗೆ ಹೆಂಡತಿ ಇರಲಿಲ್ಲವೆಂದು ನನ್ನ ಗುಮಾನಿ. ಆರಂಭ ನೆಟ್ಟಗಾದರೆ ಅರ್ಧ ಕೆಲಸ ಮುಗಿದಂತೆ ಎಂದು ಎಂಟು ವರ್ಷ ಮಕ್ಕಳ ತಲೆಗೆ ತುಂಬಿದ ಇಂಗ್ಲಿಷ್ ಮಾಸ್ತರ ನಾನು. ಆ ಪಾಪದ ಫಲವನ್ನು ಉಂಡಿದ್ದೇನೆ.

ತೊಂಬತ್ತೊಂದರಲ್ಲಿ ನನಗೆ ಅಂಕಲಿಯಿಂದ ಮಂಗಸೂಳಿಗೆ ವರ್ಗವಾಯಿತು. ಅವ್ವ ಲಕ್ವಾ ಹೊಡೆದು ಮಲಗಿದ್ದಳು. ಅವಳನ್ನು ನೋಡಿಕೊಳ್ಳಲು ನನ್ನ ಹೆಂಡತಿ ಗಂಗೂಬಾಯಿ ಊರಲ್ಲೇ ಉಳಿಯಬೇಕಾಯಿತು. ಅವ್ವನ ಸುದ್ದಿ ತಿಳಿಸಲು ಇವಳಿಗೆ ಅಕ್ಷರ ಬಾರದು. ಊರವರ ಕೈಲಿ ಕಾಗದ ಬರೆಸಿದರೆ ಮಾಸ್ತರನ ಮಾನ ಹೋಗುತ್ತದೆ, ಬರೆಸಕೂಡದು ಎಂದು ಕಟ್ಟಪ್ಪಣೆ ಮಾಡಿ, ನಾನೇ ಕಲಿಸಲು ಪಾಟಿ ಬಳಪ ತಂದೆ. ಶುಭಾರಂಭಕ್ಕೆ ಸರ್ವಶ್ರೇಷ್ಠವಾದ ಪದವನ್ನೇ ಆರಿಸಿ ಬರೆದೆ: ಧರೆಪ್ಪ. (ನನ್ನ ಹೆಸರೇ.)

ಬಾಯಿಬಿಟ್ಟು ಎಂದೂ ಹೇಳದ ಆ ಹೆಸರನ್ನು ಅವಳು ಅದರ ಮೇಲೇ ನೂರು ಸಲ ತಿದ್ದಿ ಕಲಿತಳು. ಮುಂದಿನ ಪಾಠಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸು ಎಂದೆ.

“ಗಂಡನ ಹೆಸರ ಒದ್ದಿ ಅರಿಬಿಲೆ ಒರಸಂಗಿಲ್ರಿ ನಾ. ಹಣಿ ಕುಂಕುಮ ಒರಸಿಕೊಂಡಂಗ ಆಕ್ಕೈತಿ.”

ಪಾಟಿ ದೇವರ ಜಗಲಿ ಏರಿತು. ದಿನಾ ನನಗೆ ಅರಿಸಿನ, ಕುಂಕುಮ, ಹೂವು. ಸುಖವೆನಿಸಿತು, ಸುಳ್ಳೇಕೆ ಹೇಳಲಿ? ನಿನ್ನ ಹೆಸರು ನಾಳೆ ಕಲಿಸುತ್ತೇನೆ ಎಂದೆ. (ಪಾಟಿಗೆ ಎರಡು ಮೈ ಇರುತ್ತವೆಂಬುದು ಮಾಸ್ತರನಿಗೆ ಹೊಳೆಯಲಿಲ್ಲ.) ಅಷ್ಟರಲ್ಲಿ ಹೊರಡುವ ದಿನ ಬಂತು. ವಿಳಾಸ ಬರೆದ ಹತ್ತು ಕಾರ್ಡು ಕೊಟ್ಟು ಹೋದೆ.

ವಾರಕ್ಕೊಂದು ಕಾರ್ಡು ಬಂತು. ಅವ್ವ ಉಂಡಳೇ, ಎಮ್ಮೆ ಈಯಿತೇ, ನನ್ನ ಮನಸ್ಸಿನ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ: ಧರೆಪ್ಪ. ಅರ್ಧ ಕೆಲಸವಂತೂ ಆಗಿದೆ ಎಂದು ಸಮಾಧಾನಪಟ್ಟೆ. ಶ್ರಾವಣದಲ್ಲಿ ಬಂದ ಕಾರ್ಡಿನ ತುಂಬ ಹದಿನೇಳು ಧರೆಪ್ಪ. ಜೊತೆಗಿದ್ದ ಜಕ್ಕಪ್ಪ ಮಾಸ್ತರರಿಗೆ ತೋರಿಸಿ, ವಿರಹವೆಂದರೆ ಇದು ನೋಡ್ರಿ ಎಂದು ಮೀಸೆ ತಿರುವಿದೆ. ಮರುದಿನ ಕೃಷ್ಣೆ ತುಂಬಿ ಬಸ್ಸು ನಿಂತವು, ಎಂಟು ದಿನ.

ಮನೆ ಮುಟ್ಟಿದಾಗ ಅವ್ವ ಬದುಕಿದ್ದಳು, ಮಾತು ನಿಂತುಹೋಗಿತ್ತು. ಒಂದು ಸುದ್ದಿ ತಿಳಿಸಲಾಗಲಿಲ್ಲವೇ ಎಂದು ಹೆಂಡತಿಯ ಮೇಲೆ ಹರಿಹಾಯ್ದೆ.

“ಅತ್ತಿ ಅವತ್ತ ಎಷ್ಟ ಸಲ ನಿಮ್ಮನ್ನ ಕರದ್ರೊ ಅಷ್ಟ ಸಲ ಬರದೀನ್ರಿ,” ಎಂದಳು. “ನನಗ ಬರೂದ ಅದೊಂದ.”

ನನಗೆ ಅಳು ಬಂತು. ಜಗಲಿಯಿಂದ ಪಾಟಿ ಇಳಿಸಿ, ತಿರುವಿ, ಹಿಂಬದಿಗೆ ‘ಗಂಗೂಬಾಯಿ’ ಎಂದು ಬರೆದೆ. ಇದು ನಿನ್ನ ಹೆಸರು ಎಂದೆ. ಅವಳು ಅದರ ಮೇಲೆ ಒಮ್ಮೆ ಬೆರಳಾಡಿಸಿದಳು.

“ಇದನ್ನ ಒರಸಿದ್ರ ನಡೀತೈತಲ್ರಿ?” ಎಂದು ಕೇಳಿ, ಸೆರಗಿನ ತುದಿಯನ್ನು ನೀರಿಗೆ ಅದ್ದಿದಳು.