ನನ್ನ ಕಾದಂಬರಿಯ ದೊರೆ ಮತ್ತು ನಮ್ಮ ಓಣಿಯ ನೀರು

ಸೀಟಿ, ಕೆಂಪು ಪೆನ್ನು, ಕೀಲಿ. ಈ ಮೂರರಲ್ಲಿ ಒಂದು ಕೈಯಲ್ಲಿದ್ದವರನ್ನು ಕಂಡರೆ ಸಾಕು, ನನಗೆ ಎದೆ ಢವಢವ. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದರೂ ಹೋಗದ ಅಂಜಿಕೆ ಇದು. ಹಾಗಾಗಿಯೋ ಏನೋ, ಅಂಥವರೇ ಮೇಲಿಂದ ಮೇಲೆ ನನಗೆ ಗಂಟು ಬೀಳುತ್ತಾರೆ.

ಸೀಟಿ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಮ್ಮ ಭಾವ ಮೆಣಸಿನಕಾಯಿ ಇಟ್ಟಿದ್ದರು. ನೋಡಿಬರಲು ಹೋದೆ. ಗೇಟು ಪೂರ್ತಿ ತೆರೆದಿತ್ತು, ಒಳಗೆ ಹೋಗುವವರು ನನ್ನ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ಕೂಟರ್ ಒಳಗೆ ಬಿಡುವಷ್ಟರಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ.

"ಸೀಟಿ ಹೊಡದ ಮ್ಯಾಲೆ ಒಳಗ ಹೋಗ್ರಿ."

"ಹೊಡೀರಿ ಮತ್ತ."

"ಹೊಡೀತೇನಿ. ನಿಂದರ್ರಿ."

ಘಾಟಿಗೆ ಸೀನು ಬಂತು. ಅವನ ಅಪ್ಪಣೆ ಇಲ್ಲದೆ ಸೀನಬಹುದೋ ಇಲ್ಲವೋ ತಿಳಿಯದೆ ಮೂಗು ಹಿಡಿದುಕೊಂಡು ನಿಂತೆ. ಬಹಳ ಹೊತ್ತಿನ ಮೇಲೆ ಸೀಟಿ ಊದಿದ.

"ಇಷ್ಟೊತ್ತು ಯಾಕ ನಿಲ್ಲಿಸಿದ್ರಿ?"

"ನೀವು ನಿಂತ್ರಲ್ಲ, ಅದಕ್ಕ."

ಕೆಂಪು ಪೆನ್ನು

ಅದೇ ಅಂಜಿಕೆಯಲ್ಲಿ ಒಂದು ಕಾದಂಬರಿ ಬರೆದೆ. ಮುಂದೆಂದೋ ಬರುವ ಕೆಟ್ಟ ಕಾಲದ ಕಥೆ. ಊರಿನ ನೀರಿನ ವಾಲ್ವು ತಿರುಗಿಸುವ ಕೀಲಿ ಒಬ್ಬ ದೊರೆಯ ಹೆಗಲ ಮೇಲಿದೆ. ಅವನಿಗೆ ಹೊನ್ನು ಬೇಡ, ಮಣ್ಣು ಬೇಡ, ಯಾರ ಮೇಲೂ ಸೇಡಿಲ್ಲ. ಜನ ಅಂಜಿದರೆ ಸಾಕು. ಖರೇ ಹೇಳಬೇಕೆಂದರೆ, ರಾಣೆಬೆನ್ನೂರಿನ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬಿಡುವ ಕಾಕಾನೇ ಆ ದೊರೆ. ಮೀಸೆ ಸಮೇತ ಇಳಿಸಿದ್ದೆ.

ಹಾವೇರಿಯ ಪ್ರಕಾಶಕರು ಓದಿ, ದೊರೆಯ ಸುತ್ತ ಕೆಂಪು ಪೆನ್ನಿನಿಂದ ಗೆರೆ ಎಳೆದರು.

"ಅಧಿಕಾರ ಅಂದ್ರ ಏಣಿ ಇದ್ದಂಗ್ರಿ ಸರ್. ಮ್ಯಾಲೆ ಏನಾರ ಸಿಗತೈತಿ ಅಂತ ಹತ್ತತಾರ. ಬರೇ ಏಣಿ ಮ್ಯಾಲೆ ಕುಂದ್ರಾಕ ಯಾರ್ ಹತ್ತತಾರ? ಇವಗ ಏನ್ ಬೇಕಾಗೇತಿ, ಬರಕೊಂಡ್ ಬರ್ರಿ. ಇಲ್ಲಂದ್ರ ಪುಸ್ತಕ ಆಗೂದಿಲ್ಲ."

ನಾಲ್ಕು ವರ್ಷ ಕೂತು ಬರೆದದ್ದು. ಅಳುವುದೊಂದು ಬಾಕಿ. "ಇಂಥ ಮನುಷ್ಯಾ ಖರೇನ ಅದಾನ್ರಿ, ನಮ್ಮ ಓಣ್ಯಾಗ!" ಎಂದು ಬಾಯಿಬಿಟ್ಟೆ.

ಪಕ್ಕದಲ್ಲಿ ಅದೇ ಹಸ್ತಪ್ರತಿ ಟೈಪ್ ಮಾಡುತ್ತಿದ್ದವರು ತಿರುಗಿ ನೋಡಿದರು. "ಮೀಸಿ ಬಂದ ಕೂಡ್ಲೆ ಗೊತ್ತಾತ್ರಿ. ಅವ್ರು ನಮ್ಮ ಮಾವ."

ಕೀಲಿ

ನೀರಿನ ದಿನ ಬಂತು. ಮನೆಯಲ್ಲಿ ಉಳಿದದ್ದು ಒಂದು ತಂಬಿಗೆ ನೀರು. ಖಾಲಿ ಕೊಡಗಳನ್ನು ಸಾಲಾಗಿ ಇಟ್ಟ ಹೆಂಡತಿ, "ನಿಮ್ಮ ಪುಸ್ತಕದ ಸಲುವಾಗಿ ನಳಾ ಒಣಗಿದ್ರ ನಾ ತವರಮನಿಗೆ ಹೊಂಟೆ ನೋಡ್ರಿ" ಅಂದಿದ್ದಳು. ಅಷ್ಟರಲ್ಲಿ ಕಾಕಾ ಎದೆಮಟ್ಟದ ಕಬ್ಬಿಣದ ಕೀಲಿ ಹೊತ್ತುಕೊಂಡು ನೇರ ನಮ್ಮ ಬಾಗಿಲಿಗೇ ಬಂದರು. ನಾನು ಕೈಮುಗಿದು ನಿಂತೆ.

"ಅಳಿಯಾ ಎಲ್ಲಾ ಓದಿ ಹೇಳ್ಯಾನ್ರಿ."

"ತಪ್ಪಾತ್ರಿ ಕಾಕಾ."

"ತಪ್ಪ ಐತಿ ಮತ್ತ! ನಿಮ್ಮ ದೊರಿ ಅರಮನ್ಯಾಗ ಕಾರಂಜಿ ಅದಾವಂತ. ಅವಗ ಯಾಕ್ರಿ ಕಾರಂಜಿ? ನಮ್ಮ ಮನ್ಯಾಗ ನಳಾನ ಇಲ್ಲ. ನಮ್ಮಾಕಿ ಬೋರಿಂದ ಹೊತ್ಕೊಂಡ್ ಬರ್ತಾಳ."

"ನೀವೂ ಒಂದ್ ನಳಾ ಹಾಕಿಸ್ಕೋಬಾರದೇನ್ರಿ?"

"ನೀರ್ ತೊಗೊಂಡ್ ನಾ ಏನ್ ಮಾಡ್ಲಿರಿ? ಕೀಲಿ ಐತಲ್ಲ."

ಪ್ರಕಾಶಕರಿಗೆ ಕೊಡಬೇಕಾದ ಉತ್ತರ ಬಾಗಿಲಿಗೇ ಬಂದಿತ್ತು. ಬರೆದುಕೊಳ್ಳಲು ಧೈರ್ಯವಾಗಲಿಲ್ಲ.

ಹೆಂಡತಿ ಆ ಕೊನೆಯ ತಂಬಿಗೆ ನೀರಿನಲ್ಲಿ ಚಹಾ ಮಾಡಿ ತಂದಳು. ಕಾಕಾ "ಸ್ವಲ್ಪ ಹಿಡೀರಿ" ಎಂದು ಕೀಲಿಯನ್ನು ನನ್ನ ಹೆಗಲಿಗೆ ಒರಗಿಸಿ, ಚಹಾದ ಕಪ್ಪು-ಬಸಿ ತೆಗೆದುಕೊಂಡರು.

ಎದುರು ಮನೆಯವರು ನನ್ನ ಜೊತೆ ಮಾತು ಬಿಟ್ಟು ಹತ್ತು ವರ್ಷವಾಗಿತ್ತು. ಕೊಡ ಹಿಡಿದು ಹೊರಬಂದವರು ನನ್ನ ಹೆಗಲ ಮೇಲಿನ ಕೀಲಿ ಕಂಡು ನಡು ಬಗ್ಗಿಸಿದರು. "ನಮಸ್ಕಾರ್ರಿ ಸರ್! ಆರಾಮ ಅದೀರಿ?"

ಎದೆಯ ಢವಢವ ತಟ್ಟನೆ ನಿಂತಿತು. ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಯಾರ ಅಂಜಿಕೆಯೂ ಇರಲಿಲ್ಲ. ಅದು ತಿಳಿದಾಗ ಮಾತ್ರ ನಿಜಕ್ಕೂ ಹೆದರಿಕೆಯಾಯಿತು.

ಕಾಕಾ ಬಸಿ ಕೆಳಗಿಟ್ಟು ಕೀಲಿಗೆ ಕೈ ಚಾಚಿದರು. ಒಳಗಿನಿಂದ ಹೆಂಡತಿ ಕೂಗಿದಳು: "ಕೀಲಿ ಕೊಡ್ರಿ ಲಗೂನ, ನೀರ್ ಬಿಡ್ಲಿ ಅವ್ರು!"

ನಾನು ಕೀಲಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

"ಕೊಡ್ತೇನಿ. ನಿಂದರು."